ಉದ್ಯೋಗದಲ್ಲಿ ಏಳಿಗೆ: ಮುಂಬಯಿಯ ದುಡಿಮೆ ಕಲಿಸಿದ ಪಾಠಗಳು

ಮನುಷ್ಯನು ಎಚ್ಚರವಾಗಿರುವ ಹೊತ್ತಿನ ಬಹುಭಾಗವು ಉದ್ಯೋಗದಲ್ಲಿಯೇ ಕಳೆದುಹೋಗುತ್ತದೆ. ಮುಂಬಯಿಯಂತಹ ಮಹಾನಗರದಲ್ಲಂತೂ ಕಚೇರಿಯ ಎಂಟು ಗಂಟೆಗಳಿಗೆ ವಿರಾರ್ ಅಥವಾ ಡೊಂಬಿವಲಿಯಿಂದ ಕೋಟೆ ಪ್ರದೇಶಕ್ಕೆ ಹೋಗಿಬರುವ ಗಂಟೆಗಳೂ ಸೇರುತ್ತವೆ. ಹೀಗಾಗಿ ಮನೆಮಂದಿಯ ಮುಖಕ್ಕಿಂತ ಸಹೋದ್ಯೋಗಿಗಳ ಮುಖವನ್ನೇ ಹೆಚ್ಚು ಹೊತ್ತು ನೋಡಬೇಕಾಗುವುದು ಇಲ್ಲಿಯ ದುಡಿಯುವ ಜನರ ಪಾಡು. ಆ ಒಡನಾಟವು ಹಿತವಾಗಿದ್ದರೆ ದುಡಿಮೆಯ ಭಾರವು ಅರ್ಧ ಇಳಿಯುತ್ತದೆ. ಕೆಟ್ಟಿದ್ದರೆ ನಿದ್ರೆಯೂ ಹಸಿವೂ ನೆಮ್ಮದಿಯೂ ಕೆಡುತ್ತವೆ. ಆದುದರಿಂದ ಉದ್ಯೋಗದಲ್ಲಿ ಮೇಲೇರುವ ಬಗೆ, ಇತರರೊಡನೆ ಕೂಡಿ ದುಡಿಯುವ ಬಗೆ ಇವೆರಡೂ ಆರೋಗ್ಯ ವಿಚಾರಕ್ಕೆ ಹೊರತಾದ ವಿಷಯಗಳಲ್ಲ.

ಏಳಿಗೆಯೆಂದೊಡನೆ ಪಗಾರದ ಏರಿಕೆ, ಹುದ್ದೆಯ ಬಡ್ತಿ, ಬಾಗಿಲ ಮೇಲಿನ ಹೆಸರಿನ ಫಲಕ ಇವು ಕಣ್ಣಮುಂದೆ ಬರುತ್ತವೆ. ಮೇಲೇರಿದವರನ್ನು ಸನ್ಮಾನಿಸುವ ಸಭೆಗಳಲ್ಲಿ ‘ಸ್ವಂತ ಪರಿಶ್ರಮದಿಂದ ಮೇಲೆ ಬಂದವರು’ ಎಂಬ ಮಾತು ತಪ್ಪದೆ ಕೇಳಿಬರುತ್ತದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಏಣಿಯನ್ನು ಹತ್ತುವವನು ಒಬ್ಬನಾದರೆ ಅದು ಜಾರದಂತೆ ಬುಡವನ್ನು ಹಿಡಿದು ನಿಂತವನು ಇನ್ನೊಬ್ಬನಿರುತ್ತಾನೆ. ಮುಂಬಯಿ ಕನ್ನಡಿಗರ ದುಡಿಮೆಯ ಇತಿಹಾಸವು ಈ ಎರಡನೆಯವನ ಇತಿಹಾಸವೂ ಆಗಿದೆ.

ರಾತ್ರಿಶಾಲೆ ಕಲಿಸಿದ ಪಾಠ

ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡದ ಕರಾವಳಿಯಿಂದ ಸಾವಿರಾರು ಹುಡುಗರು ಹೊಟ್ಟೆಪಾಡನ್ನು ಅರಸಿ ಮುಂಬಯಿಗೆ ಬಂದರು. ಅವರಲ್ಲಿ ಅನೇಕರಿಗೆ ಮೊದಲು ದೊರೆತ ಕೆಲಸವೆಂದರೆ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುವುದು. ಊಟ, ತಿಂಡಿ, ಮಲಗಲು ಜಾಗ ಅಲ್ಲಿಯೇ. ಗಿರಾಕಿಗಳೆಲ್ಲ ಹೋದ ಮೇಲೆ ಮೇಜುಗಳನ್ನು ಒತ್ತಟ್ಟಿಗೆ ಸರಿಸಿ ಅದೇ ನೆಲದಲ್ಲಿ ಚಾಪೆ ಹಾಸಬೇಕು. ಇಂತಹ ಹುಡುಗರಿಗಾಗಿ ಕನ್ನಡಿಗರ ಸಂಸ್ಥೆಗಳು ರಾತ್ರಿಶಾಲೆಗಳನ್ನು ತೆರೆದವು. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿಶಾಲೆ, 1932ರಲ್ಲಿ ಆರಂಭಗೊಂಡ ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಮೊದಲಾದವುಗಳಲ್ಲಿ ಕಲಿತವರು ಮುಂದೆ ಬ್ಯಾಂಕು, ಕಚೇರಿ, ನ್ಯಾಯಾಲಯ, ಪತ್ರಿಕಾಲಯಗಳನ್ನು ಸೇರಿದರು. ಹಲವರು ಸ್ವಂತ ಉದ್ಯಮಗಳನ್ನು ಕಟ್ಟಿದರು.

ಈ ಕಥೆಯು ಎಲ್ಲರಿಗೂ ತಿಳಿದಿರುವಂತಹುದೇ. ಆದರೆ ಇದರಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಲೆಕ್ಕವಿದೆ. ರಾತ್ರಿಶಾಲೆಯ ಗಂಟೆ ಹೊಡೆಯುವುದು ಸಂಜೆ ಆರೂವರೆಯ ಸುಮಾರಿಗೆ. ಕಚೇರಿಗಳು ಬಿಟ್ಟು ಜನರು ಚಹಾ, ಉಪಾಹಾರಕ್ಕಾಗಿ ಹೋಟೆಲಿಗೆ ನುಗ್ಗುವ ಹೊತ್ತೂ ಅದೇ. ಹುಡುಗನೊಬ್ಬನು ಪುಸ್ತಕ ಹಿಡಿದು ಹೊರಟನೆಂದರೆ ಅವನ ಪಾಲಿನ ಮೇಜುಗಳನ್ನು ಇನ್ನೊಬ್ಬನು ನೋಡಿಕೊಳ್ಳಬೇಕು. ಅವನ ಪಾಲಿನ ಪಾತ್ರೆಗಳನ್ನು ಮತ್ತೊಬ್ಬನು ಬೆಳಗಬೇಕು. ಗಲ್ಲಾದ ಮೇಲೆ ಕುಳಿತ ಧಣಿಗಳು ಕಂಡೂ ಕಾಣದಂತೆ ಇರಬೇಕು. ಜತೆಗಾರನೊಬ್ಬನು ‘ಇಂದು ನನ್ನಿಂದಾಗದು’ ಎಂದು ಮೊಗ ತಿರುಗಿಸಿದರೆ ಅಂದಿನ ಪಾಠ ಹೋಯಿತು. ಹಾಗೆಯೇ ತಿಂಗಳುಗಟ್ಟಲೆ ನಡೆದರೆ ವರ್ಷವೇ ಹೋಯಿತು. ಬುದ್ಧಿವಂತಿಕೆಯಿದ್ದೂ ಇಂತಹ ಆಸರೆ ದೊರೆಯದೆ ಅರ್ಧದಲ್ಲಿಯೇ ಶಾಲೆ ಬಿಟ್ಟವರಿಗೆ ಯಾವ ಸನ್ಮಾನವೂ ನಡೆದಿಲ್ಲ.

ಈ ಆಸರೆಯು ಬರಿಯ ದಯೆಯಿಂದ ಬಹುಕಾಲ ನಿಲ್ಲುವುದಿಲ್ಲ. ಶಾಲೆಗೆ ಹೋಗುವವನು ಮುಂಜಾನೆ ಬೇಗನೆ ಎದ್ದು ಜತೆಗಾರನ ಕೆಲಸಕ್ಕೆ ಕೈಕೊಟ್ಟರೆ, ಅಕ್ಷರ ಬಾರದವನಿಗೆ ಊರಿನ ಕಾಗದವನ್ನು ಓದಿ ಹೇಳಿ ಮನಿಆರ್ಡರಿನ ಫಾರ್ಮು ತುಂಬಿಕೊಟ್ಟರೆ ಆ ವಿನಿಮಯವು ಗಟ್ಟಿಯಾಗುತ್ತದೆ. ಪಡೆದ ಸಹಾಯವನ್ನು ತನ್ನ ಕೈಲಾದ ನಾಣ್ಯದಲ್ಲಿ ತೀರಿಸುವುದೇ ಕೂಡಿ ದುಡಿಯುವ ಕಲೆಯ ಮೊದಲ ಪಾಠ. ಇಂದು ಕಚೇರಿಯಲ್ಲಿ ಕುಳಿತೇ ಸಂಜೆಯ ಕಾನೂನು ಕಾಲೇಜಿಗೋ ಲೆಕ್ಕಪರಿಶೋಧನೆಯ ಪರೀಕ್ಷೆಗೋ ಸಿದ್ಧರಾಗುವ ತರುಣ ತರುಣಿಯರಿಗೂ ಇದು ಅನ್ವಯಿಸುತ್ತದೆ. ಪರೀಕ್ಷೆಯ ದಿನಾಂಕವನ್ನು ಮೊದಲೇ ತಿಳಿಸಿ, ಆ ವಾರದ ಕೆಲಸವನ್ನು ಯಾರು ವಹಿಸುವರೆಂದು ಗೊತ್ತುಮಾಡಿ, ಮರಳಿದ ಮೇಲೆ ಅವರ ಹೊರೆಯಲ್ಲಿ ಪಾಲು ಪಡೆಯುವವನಿಗೆ ಎರಡನೆಯ ಬಾರಿ ಸಹಾಯ ಕೇಳಲು ನಾಚಿಕೆಯಾಗುವುದಿಲ್ಲ. ಹೇಳದೆ ಕೇಳದೆ ರಜೆ ಹಾಕಿ ಹೋದವನು ಪದವಿಯನ್ನು ಗಳಿಸಿದರೂ ವಿಶ್ವಾಸವನ್ನು ಕಳೆದುಕೊಳ್ಳುತ್ತಾನೆ.

ಕೆಲಸವನ್ನು ಬುಡದಿಂದ ಅರಿಯುವುದು

ಮುಂಬಯಿಯಲ್ಲಿ ಉಡುಪಿ ಹೋಟೆಲುಗಳಿಗೆ ಹೆಸರು ತಂದವರಲ್ಲಿ ರಾಮ ನಾಯಕರು ಪ್ರಮುಖರು. ಚಿಕ್ಕ ವಯಸ್ಸಿನಲ್ಲಿಯೇ ಊರು ಬಿಟ್ಟು ಬಂದು ಅಡುಗೆಮನೆಯ ಕೆಲಸದಿಂದ ತೊಡಗಿದ ಅವರು 1942ರಲ್ಲಿ ಮಾಟುಂಗಾ ರೈಲು ನಿಲ್ದಾಣದ ಸಮೀಪ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ಎಂಬ ಊಟದ ಮನೆಯನ್ನು ಆರಂಭಿಸಿದರು. ಬಾಳೆಯೆಲೆಯ ಮೇಲೆ ಬಡಿಸುವ ಅಲ್ಲಿಯ ಊಟವು ತಲೆಮಾರುಗಳನ್ನು ದಾಟಿ ಬಾಳಿದೆ.

ಪಾತ್ರೆ ತೊಳೆದವನು ಒಡೆಯನಾದನೆಂಬ ಬೆರಗಿನಲ್ಲಿ ಇಂತಹ ಜೀವನಗಳ ಮುಖ್ಯ ಪಾಠವು ಮರೆಯಾಗುತ್ತದೆ. ಅಡುಗೆಮನೆಯಲ್ಲಿ ದುಡಿದವನಿಗೆ ಒಂದು ಸೇರು ಅಕ್ಕಿಯಿಂದ ಎಷ್ಟು ಎಲೆಗೆ ಅನ್ನವಾಗುತ್ತದೆ, ರುಬ್ಬಿದ ಹಿಟ್ಟು ಯಾವ ಋತುವಿನಲ್ಲಿ ಎಷ್ಟು ಹೊತ್ತಿಗೆ ಹುದುಗುತ್ತದೆ, ಎಲ್ಲಿ ಪದಾರ್ಥವು ಪೋಲಾಗುತ್ತದೆ ಎಂಬುದು ಕೈಯ ಅರಿವಾಗಿರುತ್ತದೆ. ಒಲೆಯ ಮುಂದೆ ನಿಂತವನ ಬೆವರನ್ನು ಬಲ್ಲವನು ಅವನಿಂದ ಆಗದ ಕೆಲಸವನ್ನು ಕೇಳುವುದಿಲ್ಲ. ಆಗುವ ಕೆಲಸದಲ್ಲಿ ಮೋಸವನ್ನು ಸಹಿಸುವುದೂ ಇಲ್ಲ. ಕೆಳಗಿನವರಿಂದ ನಿಜವಾದ ಗೌರವವನ್ನು ಪಡೆಯಲು ಇದಕ್ಕಿಂತ ನೇರವಾದ ಹಾದಿಯಿಲ್ಲ. ಕಚೇರಿಯಲ್ಲಿ ಹೊಸದಾಗಿ ಅಧಿಕಾರಿಯಾದವರು ಮೊದಲ ಕೆಲವು ವಾರಗಳನ್ನು ಕಡತವು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ಜವಾನರಿಂದಲೂ ಗುಮಾಸ್ತರಿಂದಲೂ ಕೇಳಿ ತಿಳಿಯುವುದಕ್ಕೆ ಮೀಸಲಿಡುವುದು ಉಚಿತ.

ಡಬ್ಬಾವಾಲರ ಸಮಯಪಾಲನೆ

ಕೂಡಿ ದುಡಿಯುವುದಕ್ಕೆ ಮುಂಬಯಿಯು ಜಗತ್ತಿಗೆ ನೀಡಿದ ನಿದರ್ಶನವೆಂದರೆ ಡಬ್ಬಾವಾಲರು. 1890ರ ಸುಮಾರಿಗೆ ಮಹಾದೇವ ಹಾವಾಜಿ ಬಚ್ಚೆ ಎಂಬವರು ಆರಂಭಿಸಿದರೆನ್ನಲಾದ ಈ ವ್ಯವಸ್ಥೆಯಲ್ಲಿ ದುಡಿಯುವವರು ಬಹುತೇಕ ಪುಣೆ ಜಿಲ್ಲೆಯ ಹಳ್ಳಿಗಳವರು. ಬಹುಮಂದಿಗೆ ಹೆಚ್ಚಿನ ಶಾಲಾಶಿಕ್ಷಣವಿಲ್ಲ. 2020ರ ಮಹಾಮಾರಿಗೆ ಮುನ್ನ ಸುಮಾರು ಐದು ಸಾವಿರ ಮಂದಿ ಸೇರಿ ದಿನಕ್ಕೆ ಎರಡು ಲಕ್ಷದಷ್ಟು ಡಬ್ಬಿಗಳನ್ನು ಮನೆಗಳಿಂದ ಕಚೇರಿಗಳಿಗೆ ಮುಟ್ಟಿಸುತ್ತಿದ್ದರೆಂದು ಹೇಳಲಾಗುತ್ತದೆ. ಮುಚ್ಚಳದ ಮೇಲಿನ ಬಣ್ಣ, ಅಂಕಿ, ಅಕ್ಷರಗಳೇ ಅವರ ವಿಳಾಸ. ಅವರ ಕಾರ್ಯವಿಧಾನವನ್ನು ಅಮೆರಿಕೆಯ ಹಾರ್ವರ್ಡ್ ವಾಣಿಜ್ಯ ಶಾಲೆಯು 2010ರಲ್ಲಿ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡಿತು.

ಒಂದು ಡಬ್ಬಿಯು ಬೋರಿವಲಿಯ ಮನೆಯಿಂದ ಕೋಟೆಯ ಕಚೇರಿಗೆ ಸೇರುವಷ್ಟರಲ್ಲಿ ಹಲವು ಕೈಗಳನ್ನು ದಾಟುತ್ತದೆ. ಲೋಕಲ್ ರೈಲು ನಿಲ್ದಾಣದಲ್ಲಿ ನಿಲ್ಲುವುದು ಸುಮಾರು ಅರ್ಧ ನಿಮಿಷ. ಅಷ್ಟರೊಳಗೆ ಡಬ್ಬಿಗಳ ಉದ್ದನೆಯ ಮರದ ತಟ್ಟೆಯನ್ನು ಏರಿಸಬೇಕು, ಇಳಿಸಬೇಕು. ಒಬ್ಬನು ಎರಡು ನಿಮಿಷ ತಡಮಾಡಿದರೆ ರೈಲು ತಪ್ಪುತ್ತದೆ. ರೈಲು ತಪ್ಪಿದರೆ ಮುಂದಿನ ನಿಲ್ದಾಣದಲ್ಲಿ ಕಾದಿರುವವನ ಕೈ ಬರಿದಾಗುತ್ತದೆ. ಕೊನೆಗೆ ಮಧುಮೇಹದ ಮಾತ್ರೆ ನುಂಗಿ ಊಟಕ್ಕಾಗಿ ಕಾದ ಯಾರೋ ಒಬ್ಬರು ಹಸಿದು ಕೂರುತ್ತಾರೆ. ತಾನು ಮಾಡುವ ಕೆಲಸವು ಮುಂದಿನವನಿಗೆ ಎಷ್ಟು ಹೊತ್ತಿಗೆ, ಯಾವ ರೂಪದಲ್ಲಿ ಬೇಕು ಎಂದು ತಿಳಿದು ನಡೆಯುವುದೇ ಇಲ್ಲಿಯ ಸಮಯಪಾಲನೆಯ ಅರ್ಥ. ಗಡಿಯಾರ ನೋಡಿ ಬಂದು ಗಡಿಯಾರ ನೋಡಿ ಹೊರಡುವುದು ಅದರ ಹೊರಚಿಪ್ಪು ಮಾತ್ರ.

ಇನ್ನೊಂದು ಸಂಗತಿಯೂ ಗಮನಾರ್ಹ. ಪ್ರತಿಯೊಂದು ತಂಡದಲ್ಲಿ ನಿತ್ಯದ ಕೆಲಸಕ್ಕೆ ಬೇಕಾದುದಕ್ಕಿಂತ ಕೆಲವರು ಹೆಚ್ಚಾಗಿರುತ್ತಾರೆ. ಯಾರಿಗಾದರೂ ಜ್ವರ ಬಂದರೆ, ಊರಿಗೆ ಹೋಗಬೇಕಾದರೆ ಆ ಜಾಗವನ್ನು ಇವರು ತುಂಬುತ್ತಾರೆ. ರಾತ್ರಿಶಾಲೆಯ ಹುಡುಗನ ಮೇಜುಗಳನ್ನು ನೋಡಿಕೊಂಡ ಜತೆಗಾರನನ್ನು ಇವರು ವ್ಯವಸ್ಥೆಯ ಭಾಗವಾಗಿಯೇ ಇರಿಸಿಕೊಂಡಿದ್ದಾರೆ. ‘ನಾನಿಲ್ಲದಿದ್ದರೆ ಈ ಕಚೇರಿ ನಡೆಯದು’ ಎಂದು ಬೀಗುವ ಅಧಿಕಾರಿಯು ಇದನ್ನು ಕಂಡು ಯೋಚಿಸಬೇಕು. ತನ್ನ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿಡದವನಿಗೆ ರಜೆಯೂ ದೊರೆಯುವುದಿಲ್ಲ, ಬಡ್ತಿಯೂ ಸುಲಭವಾಗಿ ಬರುವುದಿಲ್ಲ. ಅವನ ಜಾಗದಲ್ಲಿ ಕೂರುವವರು ಯಾರೂ ಇಲ್ಲವೆಂಬುದೇ ಅವನನ್ನು ಅಲ್ಲಿ ಕಟ್ಟಿಹಾಕುತ್ತದೆ.

ಮೇಲಧಿಕಾರಿಯೊಡನೆ ಭಿನ್ನಾಭಿಪ್ರಾಯ

ಮಾಟುಂಗಾದ ಕರ್ನಾಟಕ ಸಂಘದ ಸ್ಮಾರಕ ಮಂದಿರಕ್ಕೆ ಹೆಸರಾಗಿರುವ ಸರ್ ಎಂ. ವಿಶ್ವೇಶ್ವರಯ್ಯನವರು ವೃತ್ತಿಜೀವನವನ್ನು ಆರಂಭಿಸಿದುದು 1884ರಲ್ಲಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ. ಆ ಮೊದಲ ದಿನಗಳಲ್ಲಿ ಧುಳೆ ಭಾಗದ ಪಾಂಝರಾ ನದಿಗೆ ಅಡ್ಡವಾಗಿ ಕೊಳವೆಯ ಕಾಲುವೆಯೊಂದನ್ನು ನಿರ್ಮಿಸುವ ಹೊಣೆಯು ಅವರಿಗೆ ಬಂದಿತು. ಮಳೆಗಾಲದ ಪ್ರವಾಹದಿಂದ ಕೆಲಸಕ್ಕೆ ಅಡ್ಡಿಯಾದಾಗ ಅದನ್ನು ಕೆಲಕಾಲ ಮುಂದೂಡುವುದು ಲೇಸೆಂದು ಅವರು ಮೇಲಿನವರಿಗೆ ಬರೆದರು. ಮೇಲಧಿಕಾರಿಯು ಅದನ್ನು ಕರ್ತವ್ಯದ ಬಗೆಗಿನ ಉದಾಸೀನವೆಂದು ಭಾವಿಸಿ ಆಕ್ಷೇಪಿಸಿದರು. ತರುಣ ಇಂಜಿನಿಯರರು ವಾದಕ್ಕೆ ನಿಲ್ಲದೆ ಕಷ್ಟಗಳ ನಡುವೆಯೇ ಕೆಲಸವನ್ನು ಕೈಗೊಂಡು ಮುಗಿಸಿದರು. ಆಕ್ಷೇಪಿಸಿದವರಿಂದಲೇ ಮೆಚ್ಚುಗೆಯನ್ನೂ ಪಡೆದರು.

ಮೇಲಿನವರು ಹೇಳಿದುದಕ್ಕೆಲ್ಲ ತಲೆಯಾಡಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಅವರು ತಮ್ಮ ಅಭಿಪ್ರಾಯವನ್ನು ಕಾರಣಸಹಿತವಾಗಿ, ಬರವಣಿಗೆಯಲ್ಲಿ, ಸಕಾಲದಲ್ಲಿ ತಿಳಿಸಿದ್ದರು. ತೀರ್ಮಾನವು ಬೇರೆಯಾದಾಗ ಮುನಿಸಿನಿಂದ ಕೆಲಸವನ್ನು ಕೆಡಿಸಲಿಲ್ಲ. ಕೆಲಸ ಮುಗಿದ ಮೇಲೆ ಅವರ ಮೊದಲಿನ ಪತ್ರವನ್ನು ಯಾರೂ ಸೋಮಾರಿತನದ ನೆಪವೆಂದು ಕರೆಯುವಂತಿರಲಿಲ್ಲ. ಭಿನ್ನಾಭಿಪ್ರಾಯಕ್ಕೆ ಬೆಲೆ ಬರುವುದು ಅದನ್ನು ಹೇಳಿದವನ ದುಡಿಮೆಯಿಂದ. ಆದರೆ ಇಲ್ಲಿ ಒಂದು ಗೆರೆಯಿದೆ. ತೀರ್ಮಾನವು ಅಪ್ರಾಮಾಣಿಕವಾಗಿದ್ದರೆ ಅಥವಾ ಕೆಲಸಗಾರರ ಪ್ರಾಣಕ್ಕೆ ಅಪಾಯ ತರುವಂತಿದ್ದರೆ ವಿಧೇಯತೆಯು ಗುಣವಾಗಿ ಉಳಿಯುವುದಿಲ್ಲ. ಅಲ್ಲಿ ‘ಒಲ್ಲೆ’ ಎನ್ನುವುದೇ ಕರ್ತವ್ಯ.

ಸಂಶಯವೆಂಬ ರೋಗ

ಕಚೇರಿಯ ಕತ್ತಲೆಯ ಮುಖವನ್ನು ಕನ್ನಡದಲ್ಲಿ ಯಶವಂತ ಚಿತ್ತಾಲರಷ್ಟು ಆಳವಾಗಿ ಕಂಡವರು ವಿರಳ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞರಾಗಿ ಉನ್ನತ ಹುದ್ದೆಯಲ್ಲಿ ದುಡಿದ ಅವರ ‘ಶಿಕಾರಿ’ ಕಾದಂಬರಿಯು 1979ರಲ್ಲಿ ಪ್ರಕಟವಾಯಿತು. ಅದರ ನಾಯಕ ನಾಗಪ್ಪನು ಮುಂಬಯಿಯ ಕಂಪನಿಯೊಂದರ ಅಧಿಕಾರಿ. ತನ್ನ ಮೇಲಿನ ಆರೋಪವೇನು, ಅದನ್ನು ಹೊರಿಸಿದವರಾರು ಎಂಬುದು ತಿಳಿಯದೆಯೇ ಅವನು ವಿಚಾರಣೆಗೆ ಗುರಿಯಾಗುತ್ತಾನೆ. ಆ ಬಳಿಕ ಪ್ರತಿಯೊಬ್ಬರ ನಗುವಿನ ಹಿಂದೆಯೂ ಅವನಿಗೆ ಬೇಟೆಗಾರನ ನೆರಳು ಕಾಣಿಸತೊಡಗುತ್ತದೆ.

ಅಸೂಯೆ, ಚಾಡಿ, ಗುಂಪುಗಾರಿಕೆಗಳು ಇಲ್ಲದ ಕಚೇರಿಯುಂಟೆಂದು ಹೇಳಲಾಗದು. ಅವುಗಳಿಂದಾಗುವ ದೊಡ್ಡ ಹಾನಿಯೆಂದರೆ ಬಡ್ತಿ ತಪ್ಪುವುದಕ್ಕಿಂತಲೂ ಮನಸ್ಸಿನಲ್ಲಿ ಸಂಶಯವು ಬೇರೂರುವುದು. ನಂಬುವ ಶಕ್ತಿಯನ್ನು ಕಳೆದುಕೊಂಡವನು ಕೆಲಸವನ್ನು ಹಂಚಲಾರ, ಸಲಹೆ ಕೇಳಲಾರ, ನೆಮ್ಮದಿಯಿಂದ ಉಣ್ಣಲಾರ. ಇದಕ್ಕೆ ಕೆಲವು ಸರಳ ಮದ್ದುಗಳಿವೆ. ಮುಖ್ಯವಾದ ಮಾತುಗಳನ್ನು ಬರಹದಲ್ಲಿ ಇರಿಸುವುದು. ಯಾರೋ ಹೇಳಿದರೆಂದು ಕೇಳಿದುದನ್ನು ಸಂಬಂಧಪಟ್ಟವರನ್ನೇ ಸಮಾಧಾನದಿಂದ ಕೇಳಿ ಬಗೆಹರಿಸಿಕೊಳ್ಳುವುದು. ಎದುರಿಲ್ಲದವರ ನಿಂದೆಯಲ್ಲಿ ಪಾಲುಗೊಳ್ಳದಿರುವುದು. ಉದ್ಯೋಗಕ್ಕೆ ಹೊರತಾದ ಒಂದು ಗೆಳೆತನವನ್ನೂ ಒಂದು ಹವ್ಯಾಸವನ್ನೂ ಉಳಿಸಿಕೊಳ್ಳುವುದು. ಯಕ್ಷಗಾನ, ಭಜನೆ, ನಾಟಕದ ತಾಲೀಮುಗಳಿಗೆ ಮುಂಬಯಿ ಕನ್ನಡಿಗರು ದೂರದ ಉಪನಗರಗಳಿಂದ ಬರುತ್ತಿದ್ದುದರ ಮರ್ಮವನ್ನು ಇಲ್ಲಿಯೂ ಕಾಣಬಹುದು. ಅಲ್ಲಿ ಹುದ್ದೆಯ ತಾರತಮ್ಯವಿಲ್ಲ. ಮ್ಯಾನೇಜರರು ದೂತನ ವೇಷ ಹಾಕಿದರೆ ಅವರ ಗುಮಾಸ್ತನು ರಾಜನಾಗಬಹುದು.

ಏಳಿಗೆಗೆ ದೇಹವು ತೆರುವ ಬೆಲೆ

ಮುಂಬಯಿಯ ಗಿರಣಿ ಕಾರ್ಮಿಕರಿಗೆ ಒಂದು ಕಾಲದಲ್ಲಿ ವಾರದ ರಜೆಯೆಂಬುದೇ ಇರಲಿಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಕಾರ್ಮಿಕರ ಸಭೆಗಳನ್ನು ಸೇರಿಸಿ ವಾರಕ್ಕೊಂದು ದಿನದ ಬಿಡುವಿಗಾಗಿ ಬೇಡಿಕೆಯಿಟ್ಟರು. 1890ರಲ್ಲಿ ಗಿರಣಿಯೊಡೆಯರು ಭಾನುವಾರದ ರಜೆಗೆ ಒಪ್ಪಿದರು. ಅಂದು ಸಾವಿರಾರು ಜನರು ಒಟ್ಟಾಗಿ ಗಳಿಸಿದ ಬಿಡುವನ್ನು ಇಂದಿನ ಉದ್ಯೋಗಸ್ಥರು ಮೊಬೈಲಿನ ಸಂದೇಶಗಳಿಗೆ ತಾವಾಗಿಯೇ ಒಪ್ಪಿಸಿಕೊಡುತ್ತಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಮೆದುಳಿನ ಆಘಾತದ ಅಪಾಯವು ಸುಮಾರು ನೂರಕ್ಕೆ 35ರಷ್ಟೂ, ಹೃದಯಕ್ಕೆ ರಕ್ತ ಪೂರೈಕೆ ಕುಂದಿ ಸಾಯುವ ಅಪಾಯವು ನೂರಕ್ಕೆ 17ರಷ್ಟೂ ಅಧಿಕ. ರಕ್ತದೊತ್ತಡವು ಏರಿದಾಗ ಬಹುಮಂದಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. 140/90 ಅಥವಾ ಅದಕ್ಕೆ ಮೇಲ್ಪಟ್ಟ ಅಳತೆಯು ಮರಳಿ ಮರಳಿ ಕಂಡುಬಂದರೆ ವೈದ್ಯರನ್ನು ಕಾಣಲೇಬೇಕು. ದಿನವಿಡೀ ನಿಂತು ದುಡಿಯುವ ಹೋಟೆಲು ಕೆಲಸಗಾರರಲ್ಲಿ ಕಾಲಿನ ರಕ್ತನಾಳಗಳು ಉಬ್ಬುವ ತೊಂದರೆ ಸಾಮಾನ್ಯ. ಅವರಿಗೆ ನಡುನಡುವೆ ಕುಳಿತು ಕಾಲನ್ನು ಎತ್ತರಿಸಿ ಇಡಲು ಅವಕಾಶ ದೊರೆಯಬೇಕು. ಕುಳಿತೇ ದುಡಿಯುವವರು ಇದಕ್ಕೆ ಪ್ರತಿಯಾಗಿ ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ವಯಸ್ಕರಿಗೆ ಕನಿಷ್ಠ ಏಳು ಗಂಟೆಗಳ ನಿದ್ರೆ ಅಗತ್ಯ. ನಿದ್ರೆಗೆಟ್ಟವನ ನಾಲಿಗೆಯು ಬೇಗನೆ ಹರಿತವಾಗುತ್ತದೆ. ಕಚೇರಿಯ ಎಷ್ಟೋ ಜಗಳಗಳ ಮೂಲವನ್ನು ಹಿಂದಿನ ರಾತ್ರಿಯಲ್ಲಿ ಹುಡುಕಬೇಕಾಗುತ್ತದೆ.

ನಿತ್ಯಜೀವನದಲ್ಲಿ ಪಾಲಿಸಬಹುದಾದ ಸೂತ್ರಗಳು

1. ಕೆಲಸವನ್ನು ಒಪ್ಪಿಕೊಳ್ಳುವಾಗಲೇ ಅದು ಯಾರಿಗೆ, ಎಂದು, ಯಾವ ರೂಪದಲ್ಲಿ ಬೇಕೆಂದು ಕೇಳಿ ತಿಳಿಯಬೇಕು.

2. ತಡವಾಗುವುದೆಂದು ಕಂಡೊಡನೆ ತಿಳಿಸಬೇಕು. ಗಡುವಿನ ದಿನ ಹೇಳಿದ ಅಡಚಣೆಯು ನೆಪವಾಗಿ ಕೇಳಿಸುತ್ತದೆ.

3. ಯಶಸ್ಸನ್ನು ವರದಿ ಮಾಡುವಾಗ ಜತೆಗೆ ದುಡಿದವರ ಹೆಸರುಗಳನ್ನು ಹೇಳಬೇಕು. ಹೊಗಳಿಕೆಯನ್ನು ನಾಲ್ವರ ಮುಂದೆಯೂ ತಿದ್ದುವಿಕೆಯನ್ನು ಏಕಾಂತದಲ್ಲಿಯೂ ಮಾಡುವುದು ಲೇಸು.

4. ಹೊಸಬರನ್ನು ಮೊದಲ ದಿನವೇ ಊಟಕ್ಕೆ ಜತೆಗೆ ಕೂರಿಸಿಕೊಳ್ಳಬೇಕು. ಒಂಟಿಯಾಗಿ ಉಂಡವನು ಒಂಟಿಯಾಗಿಯೇ ತಪ್ಪುಗಳನ್ನು ಮಾಡುತ್ತಾನೆ.

5. ಮರಾಠಿ, ಗುಜರಾತಿ, ತಮಿಳು ಭಾಷಿಕರ ನಡುವೆ ದುಡಿಯುವಾಗ ಅವರ ಭಾಷೆಯ ನಾಲ್ಕು ಮಾತುಗಳನ್ನಾದರೂ ಕಲಿಯಬೇಕು. ಅನ್ಯರೆದುರಿಗೆ ಕನ್ನಡದಲ್ಲೋ ತುಳುವಿನಲ್ಲೋ ಗುಟ್ಟಾಡಬಾರದು.

6. ಸಿಟ್ಟಿನಲ್ಲಿ ಬರೆದ ಪತ್ರವನ್ನು ಅದೇ ದಿನ ಕಳುಹಿಸಬಾರದು.

7. ವರ್ಷಕ್ಕೆ ಒಂದಾದರೂ ಹೊಸ ಕೆಲಸವನ್ನು ಕಲಿಯಬೇಕು. ತಿಳಿದ ಒಂದನ್ನು ಇನ್ನೊಬ್ಬರಿಗೆ ಕಲಿಸಬೇಕು.

8. ವಾರದ ಒಂದು ದಿನ ಉದ್ಯೋಗದ ಮಾತನ್ನು ಮನೆಯೊಳಕ್ಕೆ ತರಬಾರದು.

ಉಪಸಂಹಾರ

ಬಿಲ್ಲವರ ಅಸೋಸಿಯೇಶನ್ನಿನ ಮುಂದಾಳುತನದಲ್ಲಿ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕು ಮುಂಬಯಿಯಲ್ಲಿ ಹುಟ್ಟಿಕೊಂಡಿತು. ಹಲವರ ಸಣ್ಣಪುಟ್ಟ ಉಳಿತಾಯಗಳು ಒಂದೆಡೆ ಕೂಡಿದಾಗ ಅದರಿಂದ ಒಬ್ಬನ ಅಂಗಡಿಗೋ ಇನ್ನೊಬ್ಬನ ಹೋಟೆಲಿಗೋ ಬಂಡವಾಳ ಒದಗುವುದು ಸಹಕಾರದ ತತ್ತ್ವ. ರಾತ್ರಿಶಾಲೆಯ ಹುಡುಗನಿಗಾಗಿ ಜತೆಗಾರನು ಎರಡು ಪಾಲಿನ ಮೇಜುಗಳನ್ನು ನೋಡಿಕೊಂಡಾಗಲೂ ನಡೆದುದು ಅದೇ. ಅಲ್ಲಿ ಹಣಕ್ಕೆ ಬದಲಾಗಿ ಹೊತ್ತನ್ನೂ ಬೆವರನ್ನೂ ಹೂಡಲಾಗಿತ್ತು.

ಹೋಟೆಲುಗಳ ರೂಪವು ಇಂದು ಬದಲಾಗಿದೆ. ಗಿರಣಿಗಳಿದ್ದ ಪರೇಲು, ಲೋವರ್ ಪರೇಲುಗಳಲ್ಲಿ ಗಾಜಿನ ಕಟ್ಟಡಗಳು ಎದ್ದಿವೆ. ಕರಾವಳಿಯ ತರುಣರು ಈಗ ಐರೋಲಿ, ಪೊವಾಯಿಗಳ ಗಣಕಯಂತ್ರದ ಕಚೇರಿಗಳಿಗೆ ಪದವಿಯೊಡನೆಯೇ ಬರುತ್ತಾರೆ. ಆದರೆ ಹೊಸ ಊರಿನಲ್ಲಿ ಮೊದಲ ವರ್ಷದ ಅಂಜಿಕೆ, ಮೇಲಿನವರ ಮಾತಿನ ಪೆಟ್ಟು, ಓದಬೇಕೆಂಬ ಹಂಬಲ, ಹೊತ್ತು ಸಾಲದೆಂಬ ಕಳವಳ ಇವು ಹಾಗೆಯೇ ಉಳಿದಿವೆ. ಉದ್ಯೋಗದಲ್ಲಿ ಇಪ್ಪತ್ತು ಮೂವತ್ತು ವರ್ಷಗಳನ್ನು ಕಳೆದವರು ಪಕ್ಕದ ಮೇಜಿನ ಹೊಸಬನನ್ನು ಕರೆದು, ‘ನಾಳೆ ನಿನ್ನ ಪರೀಕ್ಷೆಯಲ್ಲವೇ? ಸಂಜೆಯ ಕೆಲಸ ನನಗಿರಲಿ, ನೀನು ಹೊರಡು’ ಎಂದರೆ ಹಿಂದಿನವರು ಹಿಡಿದು ನಿಂತ ಏಣಿಯು ಕೈಯಿಂದ ಕೈಗೆ ಸಾಗಿದಂತಾಗುವುದು. ಆ ಒಂದು ಸಂಜೆಯ ಕೆಲಸಕ್ಕೆ ಓವರ್‌ಟೈಮಿನ ಹಣ ಬರಲಾರದು. ಆದರೆ ಅಂದು ಹೊರಟವನು ಎಲ್ಲಿಗೆ ಮುಟ್ಟುವನೆಂಬುದನ್ನು ಅದೇ ನಿರ್ಧರಿಸೀತು.